ಹಳೆಯ ಕಾರಿನ ಹೊಗೆ

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೊರಟ ಪ್ರಯಾಣಿಕನಿಗೆ ಮೊದಲು ಪರಿಚಯವಾಗುವುದು ಧೂಳು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದು. ಇಕ್ಕೆಲಗಳಲ್ಲಿಯೂ ಶೇಂಗಾದ ಹೊಲಗಳು, ಕುರುಚಲು ಕಾವಲುಗಳು, ಬೋಳು ಬಂಡೆಯ ಗುಡ್ಡಗಳು. ಬೇಸಗೆ ಕಳೆದು ಗಾಳಿಯ ಕಾಲ ಬಂದಿತೆಂದರೆ ಕೆಂಮಣ್ಣು ಮೇಲೆದ್ದು ಮನೆ, ಮರ, ವಾಹನಗಳನ್ನೆಲ್ಲ ಮುಸುಕುತ್ತದೆ. ಮಳೆಯನ್ನು ನಂಬಿ ಬದುಕುವ ಇಂಥ ನಾಡಿನಲ್ಲಿ ಹೊಸ ಕಾರನ್ನು ಕೊಳ್ಳಬಲ್ಲವರು ಎಲ್ಲರೂ ಅಲ್ಲ. ಕೈಯಿಂದ ಕೈಗೆ ಬಂದ ಹಳೆಯ ಕಾರೇ ಅನೇಕ ಕುಟುಂಬಗಳಿಗೆ ಆಧಾರ. ರೋಗಿಯನ್ನು ಜಿಲ್ಲಾಸ್ಪತ್ರೆಗೆ ಸಾಗಿಸುವುದಕ್ಕೂ ನೇಯ್ದ ಸೀರೆಗಳ ಗಂಟನ್ನು ಅಂಗಡಿಗೆ ಮುಟ್ಟಿಸುವುದಕ್ಕೂ ಅದೇ ಬೇಕು.

ಈ ಹಳೆಯ ಕಾರು ರಸ್ತೆಯಲ್ಲಿರಬೇಕೆ ಬೇಡವೆ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳುಂಟು. ಒಂದು, ವಯಸ್ಸನ್ನು ನೋಡುವುದು. ದೆಹಲಿ ಮತ್ತು ಅದರ ಸುತ್ತಣ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳೂ ಸಂಚರಿಸಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಇನ್ನೊಂದು, ಹೊಗೆಯನ್ನು ನೋಡುವುದು. ಚಿತ್ರದುರ್ಗ ಜಿಲ್ಲೆಯಲ್ಲಿ ನಡೆದಿರುವುದು ಈ ಎರಡನೆಯ ಕ್ರಮ. 15 ವರ್ಷ ತುಂಬಿದ ಸ್ವಂತ ಕಾರನ್ನು ಪರೀಕ್ಷೆಗೆ ಒಡ್ಡಿ, ಯೋಗ್ಯವೆಂದು ಕಂಡರೆ, ನೋಂದಣಿಯನ್ನು ಇನ್ನೈದು ವರ್ಷಗಳಿಗೆ ನವೀಕರಿಸಿಕೊಳ್ಳಬಹುದು. ಚೆನ್ನಾಗಿ ನೋಡಿಕೊಂಡ ಇಪ್ಪತ್ತೈದು ವರ್ಷದ ಕಾರಿಗೂ ಹಾಳುಗೆಡವಿದ ಹನ್ನೆರಡು ವರ್ಷದ ಕಾರಿಗೂ ಭೇದವೆಣಿಸುವ ಈ ಕ್ರಮವೇ ಹೆಚ್ಚು ನ್ಯಾಯವಾದದ್ದು. ಆದರೆ ಅದು ನ್ಯಾಯವಾಗಿ ಉಳಿಯಬೇಕಾದರೆ ಹೊಗೆಯ ಅಳತೆ ಸತ್ಯವಾಗಿರಬೇಕು.

ಅಳತೆಯ ವಿಧಾನ ಸರಳವಾದದ್ದು. ಎಂಜಿನ್ ಬಿಸಿಯಾದ ಮೇಲೆ, ಕಾರು ನಿಂತಲ್ಲಿಯೇ ನಿಧಾನವಾಗಿ ಓಡುತ್ತಿರುವಾಗ, ಹೊಗೆಕೊಳವೆಯೊಳಕ್ಕೆ ಒಂದು ನಳಿಕೆಯನ್ನು ತೂರಿಸುತ್ತಾರೆ. ಅದು ಹೀರಿದ ಅನಿಲದ ಮೂಲಕ ಯಂತ್ರವು ಅವಕೆಂಪು ಕಿರಣಗಳನ್ನು ಹಾಯಿಸಿ, ಅನಿಲವು ಎಷ್ಟು ಕಿರಣವನ್ನು ಹೀರಿಕೊಂಡಿತೆಂಬುದರಿಂದ ಕಾರ್ಬನ್ ಮಾನಾಕ್ಸೈಡಿನ ಪ್ರಮಾಣವನ್ನು ತಿಳಿಯುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೆಯದು ಇದರ ಮಿತಿಯನ್ನು ಗೊತ್ತುಪಡಿಸಿದೆ. ಭಾರತ್ ಸ್ಟೇಜ್ ಎರಡಕ್ಕಿಂತ ಹಿಂದಿನ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡ 3ನ್ನು ಮೀರಬಾರದು. ಉರಿಯದೆ ಉಳಿದ ಹೈಡ್ರೋಕಾರ್ಬನ್ ಹತ್ತು ಲಕ್ಷ ಭಾಗಗಳಲ್ಲಿ 1500 ಭಾಗವನ್ನು ಮೀರಬಾರದು. ಅನಂತರ ಬಂದ ಭಾರತ್ ಸ್ಟೇಜ್ ಎರಡು ಮತ್ತು ಮೂರರ ಕಾರುಗಳಿಗೆ ಇದೇ ಮಿತಿಯು ಶೇಕಡ 0.5 ಮತ್ತು 750 ಭಾಗ. ಮುದಿ ಯಂತ್ರಕ್ಕೆ ನಿಯಮವು ತೋರಿಸಿರುವ ದಾಕ್ಷಿಣ್ಯ ಸಣ್ಣದೇನಲ್ಲ.

ಒಂದು ಭಾಗ ಪೆಟ್ರೋಲು ಸಂಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಹಳೆಯ ಕಾರುಗಳಲ್ಲಿ ಇವೆರಡನ್ನೂ ಬೆರಸಿ ಕೊಡುವ ಕೆಲಸ ಕಾರ್ಬ್ಯುರೇಟರಿನದು. ಗಾಳಿ ಕಡಿಮೆಯಾದರೆ ಇಂಗಾಲವು ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಗಾಳಿ ಅತಿಯಾದರೆ ಮಿಶ್ರಣವು ಹೊತ್ತಿಕೊಳ್ಳದೆ ಪೆಟ್ರೋಲು ಹಸಿಯಾಗಿಯೇ ಹೊರಬೀಳುತ್ತದೆ. ಚಳ್ಳಕೆರೆಯ ಧೂಳಿನ ಪಾತ್ರ ಇಲ್ಲಿಯೇ. ಗಾಳಿಯನ್ನು ಸೋಸುವ ಫಿಲ್ಟರು ಮಣ್ಣಿನಿಂದ ಕಟ್ಟಿಕೊಂಡಾಗ ಎಂಜಿನ್ನಿಗೆ ಉಸಿರು ಸಾಲದೆ ಹೋಗುತ್ತದೆ. ಕಾರಿನಲ್ಲಿ ಬೇರಾವ ದೋಷವಿಲ್ಲದಿದ್ದರೂ ಹೊಗೆ ಕೆಡುತ್ತದೆ. ಆದುದರಿಂದ ಬಲ್ಲ ಮೆಕ್ಯಾನಿಕ್ ಮೊದಲು ಫಿಲ್ಟರನ್ನು ತೆಗೆದು ನೋಡುತ್ತಾನೆ. ಅನಂತರ ಪ್ಲಗ್ಗುಗಳನ್ನು ಬಿಚ್ಚಿ ಅವುಗಳ ಬಣ್ಣವನ್ನು ಪರೀಕ್ಷಿಸುತ್ತಾನೆ: ತುದಿಯಲ್ಲಿ ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ, ತಿಳಿಕಂದು ಬಣ್ಣವಿದ್ದರೆ ದಹನ ಸರಿಯಾಗಿದೆ. ಪಾಯಿಂಟಿನ ಸಂದು, ಕಿಡಿ ಹಾರುವ ಸಮಯ, ಟ್ಯಾಪೆಟ್ಟಿನ ಅಂತರ ಇವನ್ನೆಲ್ಲ ಸರಿಪಡಿಸಿದ ಮೇಲೆಯೇ ಅವನ ಕೈ ಕಾರ್ಬ್ಯುರೇಟರಿನ ತಿರುಪಿನ ಮೇಲೆ ಹೋಗುವುದು. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದು ಅರ್ಥ, ರಿಂಗುಗಳು ಸವೆದಿರಬಹುದು. ಅದಕ್ಕೆ ಯಾವ ತಿರುಪೂ ಮದ್ದಲ್ಲ. ಇದನ್ನು ಗಿರಾಕಿಗೆ ಮುಖ ನೋಡಿ ಹೇಳುವುದು ರಿಪೇರಿಗಿಂತ ಕಷ್ಟದ ಕೆಲಸ.

ಸುಲಭದ ದಾರಿಯೊಂದು ಉಂಟು. ಪರೀಕ್ಷೆಗೆ ಮುನ್ನ ತಿರುಪನ್ನು ಒಳಕ್ಕೆ ತಿರುಗಿಸಿ ಪೆಟ್ರೋಲನ್ನು ಬಿಗಿಹಿಡಿದರೆ, ನಿಂತ ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಥಟ್ಟನೆ ಇಳಿಯುತ್ತದೆ. ಹೀಗೆ ಬಿಗಿದ ಎಂಜಿನ್ ಹೊರಡುವಾಗ ತಡವರಿಸುತ್ತದೆ, ಏರಿನಲ್ಲಿ ಸೊರಗುತ್ತದೆ. ಚೀಟಿ ಕೈಗೆ ಬಂದೊಡನೆ ತಿರುಪು ಮತ್ತೆ ಹಿಂದಕ್ಕೆ ತಿರುಗುತ್ತದೆ. ಕಾರು ಮೊದಲಿನಂತೆಯೇ ಕರಿಹೊಗೆ ಕಾರುತ್ತ ರಸ್ತೆಗೆ ಇಳಿಯುತ್ತದೆ. ಇದನ್ನು ಬಡವನ ಉಪಾಯವೆಂದು ಮನ್ನಿಸುವವರೂ ಇದ್ದಾರೆ. ಆದರೆ ಇದೇ ಉಪಾಯವನ್ನು ಸಿರಿವಂತರು ಮಾಡಿದಾಗ ಜಗತ್ತು ಏನೆಂದಿತು? 2015ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯ ಡೀಸೆಲ್ ಕಾರುಗಳ ಗುಟ್ಟು ಹೊರಬಿತ್ತು. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ, ಆ ಹೊತ್ತಿಗೆ ಮಾತ್ರ ಹೊಗೆಯನ್ನು ತಗ್ಗಿಸುವ ಗಣಕ ವ್ಯವಸ್ಥೆಯನ್ನು ಅವುಗಳಲ್ಲಿ ಅಡಗಿಸಿಡಲಾಗಿತ್ತು. ಅಂಥ ಕಾರುಗಳ ಸಂಖ್ಯೆ ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ. ಸಂಸ್ಥೆ ಸಾವಿರಾರು ಕೋಟಿ ದಂಡ ತೆತ್ತಿತು. ತಿರುಪಿಗೂ ಆ ಗಣಕಕ್ಕೂ ಗಾತ್ರದಲ್ಲಿ ಭೇದವಿದೆ, ಗುಣದಲ್ಲಿ ಇಲ್ಲ.

ಮನ್ನಣೆಯ ಮಾತು ಇನ್ನೊಂದು ಕಾರಣಕ್ಕೂ ಸಲ್ಲದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಲದಿಂದ ಅದನ್ನು ಹಿಡಿದುಕೊಳ್ಳುತ್ತದೆ. ಬಸ್ ನಿಲ್ದಾಣದ ಬದಿಯಲ್ಲಿ ದಿನವಿಡೀ ಕುಳಿತು ಹೂ ಮಾರುವವಳಿಗೆ ಕಾರಿಲ್ಲ. ಅದರ ಹೊಗೆಯಲ್ಲಿ ಮಾತ್ರ ಅವಳಿಗೂ ಪಾಲುಂಟು. ಬಡವನ ಹೆಸರಿನಲ್ಲಿ ಕೊಡುವ ರಿಯಾಯಿತಿಯ ಬೆಲೆಯನ್ನು ಅವನಿಗಿಂತಲೂ ಬಡವರು ತೆರುವಂತಾಗುತ್ತದೆ.

ಡೀಸೆಲ್ ವಾಹನಗಳ ಹೊಗೆಯನ್ನು ಬೇರೆ ರೀತಿಯಲ್ಲಿ, ಅದರ ಮೂಲಕ ಬೆಳಕು ಎಷ್ಟು ಹಾಯುತ್ತದೆಂದು ನೋಡಿ, ಅಳೆಯುತ್ತಾರೆ. ಎಣ್ಣೆಯ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯವರಿಗೆ ಇಲ್ಲೊಂದು ಸ್ವಾರಸ್ಯವಿದೆ: 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಿಂದಲೇ ಓಡಿತ್ತು.

ನೇರವಾದ ದಾರಿ ದುಬಾರಿಯೂ ಅಲ್ಲ. ಫಿಲ್ಟರು, ಪ್ಲಗ್ಗು, ಪಾಯಿಂಟುಗಳ ಬೆಲೆ ಹೊಸ ಎಂಜಿನ್ನಿನ ಬೆಲೆಯೆದುರು ಏನೂ ಅಲ್ಲ. ಕರಿಹೊಗೆಯಾಗಿ ಹಾರಿಹೋಗುವುದು ಮಾಲೀಕನು ದುಡ್ಡು ಕೊಟ್ಟು ತುಂಬಿಸಿದ ಪೆಟ್ರೋಲೇ. ಹಳೆಯ ಕಾರಿಗೆ ದೊರೆಯುವ ಚೀಟಿಯ ಅವಧಿ ಆರು ತಿಂಗಳು. ಆದರೆ ಮೊಳಕಾಲ್ಮೂರಿನ ದಾರಿಯಲ್ಲಿ ದಿನವೂ ಓಡಾಡುವ ಕಾರಿನ ಫಿಲ್ಟರು ಅಷ್ಟು ಕಾಲ ಕಾಯುವುದಿಲ್ಲ. ಆಷಾಢದ ಗಾಳಿಗೆ ಮುನ್ನ ಒಮ್ಮೆ, ಗಾಳಿ ಅಡಗಿದ ಮೇಲೆ ಇನ್ನೊಮ್ಮೆ, ಚೀಟಿಯ ತಾರೀಖು ಏನೇ ಇರಲಿ, ಅದನ್ನು ಬಿಚ್ಚಿ ಕೊಡವಬೇಕಾಗುತ್ತದೆ.