ಕಾರಿನೊಳಗಿನ ಲಕ್ಷ ರೂಪಾಯಿಯ ಸದ್ದು

ಕಾರಿನ ಬೆಲೆಯ ಜೊತೆಗೆ ಮತ್ತೊಂದು ದೊಡ್ಡ ಮೊತ್ತವನ್ನು ಅದರೊಳಗಿನ ಧ್ವನಿಯಂತ್ರಗಳಿಗೆ ಸುರಿಯುವ ಚಟವೊಂದು ನಮ್ಮ ತರುಣರಿಗೆ ಅಂಟಿಕೊಂಡಿದೆ. ಬಳ್ಳಾರಿಯ ರಾಯಲ್ ವೃತ್ತದಲ್ಲಿ ಸಂಜೆ ಕ್ಷಣಹೊತ್ತು ನಿಂತು ನೋಡಿರಿ. ಗಾಜು ಮುಚ್ಚಿದ ಕಾರೊಂದು ಹಾದುಹೋದರೆ ಹಾಡು ಕೇಳಿಸುವುದಿಲ್ಲ, ಎದೆಗೂಡು ನಡುಗುತ್ತದೆ. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಅದಿರಿನ ಹಣ ಬತ್ತಿತು. ಅಬ್ಬರದ ಅಭಿರುಚಿ ಬತ್ತಲಿಲ್ಲ. ಸಿರುಗುಪ್ಪದ ಭತ್ತದ ಸೀಮೆಯ ಮನೆಗಳಲ್ಲಿ ಸಾಲ ಮಾಡಿಯಾದರೂ ಇದನ್ನು ಕೊಳ್ಳುವ ಮಕ್ಕಳಿದ್ದಾರೆ. ಈ ವೆಚ್ಚ ಸಾರ್ಥಕವೇ? ಖಂಡಿತ ಅಲ್ಲವೆಂಬುದು ನನ್ನ ವಾದ.

ಅಂಗಡಿಯವನು ಮೊದಲು ತೋರಿಸುವುದು ವಾಟ್ ಲೆಕ್ಕ. ಶಕ್ತಿ ಇಮ್ಮಡಿಯಾದರೆ ಸದ್ದು ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 50 ವಾಟ್ ಬಿಟ್ಟು 100 ವಾಟ್ ಕೊಂಡವನಿಗೆ ದೊರೆತ ಲಾಭ ಅಷ್ಟಕ್ಕಷ್ಟೇ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ‘ಪಿ.ಎಂ.ಪಿ.ಒ.’ ಅಂಕಿಯು ಕ್ಷಣಮಾತ್ರದ ಏರಿಕೆಯದು. ನಂಬತಕ್ಕದ್ದು ಸಣ್ಣಕ್ಷರದ ‘ಆರ್.ಎಂ.ಎಸ್.’ ಅಂಕಿ. ನಿಜವಾಗಿಯೂ 1000 ವಾಟ್ ಬೇಕೆಂದರೆ 12 ವೋಲ್ಟಿನ ಬ್ಯಾಟರಿಯಿಂದ 80ಕ್ಕೂ ಹೆಚ್ಚು ಆಂಪಿಯರ್ ವಿದ್ಯುತ್ತನ್ನು ಎಳೆಯಬೇಕು. ದೀಪ, ಎ.ಸಿ. ಎಲ್ಲವನ್ನೂ ಹೊತ್ತ ಸಣ್ಣ ಕಾರಿಗೆ ಇದು ಭಾರವಲ್ಲವೇ?

ಇರಲಿ, ಶಕ್ತಿಯ ಮಾತು ಬಿಡೋಣ. ‘ನಾವು ಕೊಳ್ಳುವುದು ಸದ್ದನ್ನಲ್ಲ, ಸ್ವರದ ಸ್ಫುಟತೆಯನ್ನು’ ಎನ್ನುವವರುಂಟು. ಓಡುವ ಕಾರಿನಲ್ಲಿ ಟಯರು, ಗಾಳಿ, ಇಂಜಿನ್ನುಗಳ ಮೊರೆತ ಎಡೆಬಿಡದೆ ಇರುತ್ತದೆ. ಹಾಡಿನ ಮೆಲುದನಿಗಳೆಲ್ಲ ಅದರಲ್ಲಿ ಮುಳುಗುತ್ತವೆ. ಹೆಚ್ಚಿನ ಬೆಲೆ ತೆತ್ತದ್ದು ಆ ಮೆಲುದನಿಗಳಿಗಾಗಿಯೇ ಅಲ್ಲವೇ? ಸಾಲದೆಂಬಂತೆ ಚಾಲಕನು ಬಲಗಡೆಯ ಸ್ಪೀಕರಿಗೆ ಆತುಕೊಂಡು ಕುಳಿತಿರುತ್ತಾನೆ. ಎಡಬಲಗಳ ಸಮತೋಲ ಅವನ ಪಾಲಿಗೆ ಹುಟ್ಟಿನಲ್ಲೇ ಕೆಟ್ಟದ್ದು. ಕಾರು ನಿಲ್ಲಿಸಿ ಕೇಳುತ್ತೇನೆಂಬವನಿಗೆ ಮನೆಯ ಪಡಸಾಲೆ ಏನು ಪಾಪ ಮಾಡಿತ್ತು?

ಕೇಳುವುದಾದರೂ ಏನನ್ನು? ನಮ್ಮ ಹಿರಿಯರಿಗೆ ಪ್ರಿಯವಾದದ್ದು ಬಳ್ಳಾರಿಯ ಸುಭದ್ರಮ್ಮ ಮನ್ಸೂರರ (1939–2020) ರಂಗಗೀತೆ, ಪಂಡಿತ ಮಲ್ಲಿಕಾರ್ಜುನ ಮನ್ಸೂರರ (1910–1992) ವಚನಗಾಯನ. ಕಂಠ, ಹಾರ್ಮೋನಿಯಂ, ತಬಲಾ, ಇಷ್ಟೇ ಅಲ್ಲಿಯ ಸಂಪತ್ತು. ಡಿಕ್ಕಿಯನ್ನೆಲ್ಲ ಆಕ್ರಮಿಸುವ ವೂಫರಿನ ಕೆಲಸವಿರುವುದು ಸೆಕೆಂಡಿಗೆ ಸುಮಾರು 80 ಕಂಪನಗಳ ಕೆಳಗೆ. ಇಂಥ ಗಾಯನದಲ್ಲಿ ಅಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಒಂದೇ ಮೈಕಿನೆದುರು ಮುದ್ರಿತವಾದ ಹಳೆಯ ತಟ್ಟೆಯನ್ನು ಎರಡು ಸ್ಪೀಕರಿನಲ್ಲಿ ಕೇಳಿದರೂ ಹನ್ನೆರಡರಲ್ಲಿ ಕೇಳಿದರೂ ಇಲ್ಲದ ಸ್ವರ ಹುಟ್ಟಲಾರದು. ಇಂದಿನ ಚಲನಚಿತ್ರಗೀತೆಗಳಲ್ಲಿ ಆ ಕೆಳಸ್ವರಗಳಿವೆ, ಒಪ್ಪುತ್ತೇನೆ. ಆದರೆ ಅವುಗಳಿಗಾಗಿ ಮನೆಯ ಸಾಲ ಬೆಳೆಯಬೇಕೆಂಬುದನ್ನು ಒಪ್ಪಲಾರೆ.

ದಿನವಿಡೀ ಬಾಡಿಗೆ ಕಾರು ಓಡಿಸುವವನಿಗೆ ಹಾಡು ಬೇಡವೇ ಎಂದು ಕೇಳುವಿರಿ. ಬೇಕು! ಕಂಪನಿಯವರು ಕೊಟ್ಟ ಸ್ಪೀಕರ್ ಒಡಕುದನಿಯದಾಗಿದ್ದರೆ ಮುಂಬಾಗಿಲಿಗೆ ಒಳ್ಳೆಯದೊಂದು ಜೊತೆ ಹಾಕಿಸಲಿ. ಬಾಗಿಲಿನ ತಗಡು ಗಡಗಡಿಸದಂತೆ ಒಳಗೆ ಹಾಳೆ ಅಂಟಿಸಲಿ. ಈ ಅಲ್ಪ ವೆಚ್ಚದಲ್ಲಿ ದೊರೆಯುವ ಸುಖವೇ ದೊಡ್ಡದು. ಅದರಾಚೆಗೆ ಸುರಿದ ಪ್ರತಿ ಸಾವಿರಕ್ಕೂ ಫಲ ಕುಗ್ಗುತ್ತ ಹೋಗುತ್ತದೆ.

ಕಿವಿಯ ವಿಚಾರವನ್ನಂತೂ ಯಾವ ಅಂಗಡಿಯವನೂ ಎತ್ತುವುದಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ತಜ್ಞರು ಮಿತಿ ಹಾಕಿದ್ದಾರೆ. ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧಕ್ಕಿಳಿದು, 100ಕ್ಕೆ ಉಳಿಯುವುದು ಕಾಲು ಗಂಟೆ. ಕೆಟ್ಟ ಒಳಗಿವಿಯ ಸೂಕ್ಷ್ಮ ಕೋಶಗಳು ಮತ್ತೆ ಚಿಗುರುವುದಿಲ್ಲ. ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗೂ ಅವನಿಗೆ ಕೇಳದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ವಿಧಿಸಿವೆ. ಓಣಿಯೊಳಗೆ ನಡುರಾತ್ರಿ ನುಗ್ಗುವ ಕಾರಿಗೆ ಅದರ ಪರಿವೆಯಿಲ್ಲ.

ಆದುದರಿಂದ ಸಾಲಪತ್ರಕ್ಕೆ ರುಜು ಹಾಕುವ ಮುನ್ನ, ತಂದೆಯಾದವರು ಮಗನನ್ನೊಮ್ಮೆ ಪರೀಕ್ಷಿಸಿರಿ. ಅಂಗಡಿಯಲ್ಲಿ ಬೇಡ, ಅಲ್ಲಿ ದುಬಾರಿಯದನ್ನು ತುಸು ಜೋರಾಗಿ ನುಡಿಸಿದರೂ ಸಾಕು, ಅದೇ ಚೆಂದವೆನಿಸುತ್ತದೆ. ಅಗ್ಗದ್ದು, ದುಬಾರಿಯದು ಎರಡನ್ನೂ ಜೋಡಿಸಿದ ಕಾರಿನಲ್ಲಿ, ಸದ್ದನ್ನು ಸಮಮಾಡಿ, ಸಿರುಗುಪ್ಪದ ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗದಲ್ಲಿ ಹೋಗಿರಿ. ಚಕ್ರ ಬೇರೊಬ್ಬರ ಕೈಯಲ್ಲಿರಲಿ, ಮಗನ ಕಣ್ಣಿಗೆ ವಸ್ತ್ರ ಕಟ್ಟಿರಲಿ. ಹತ್ತು ಸಲ ಬದಲಾಯಿಸಿದಾಗ ಒಂಬತ್ತು ಸಲ ಅವನು ಸರಿಯಾಗಿ ಗುರುತಿಸಿದರೆ ಧಾರಾಳವಾಗಿ ಕೊಡಿಸಿರಿ, ನಾನು ಎದುರಾಡುವುದಿಲ್ಲ.