ಹೊಸತಿಗೆ ಅಂಜದಿರೋಣ

ಕದರಮಂಡಲಗಿಯಂಥ ಊರುಗಳಲ್ಲಿ ಮಗ ಒಕ್ಕಲುತನ ಬಿಟ್ಟು ಬೇರೆ ಉದ್ಯೋಗ ಹಿಡಿಯುವೆನೆಂದರೆ, ಸೊಸೆ ನೌಕರಿಗೆ ಹೋಗುವೆನೆಂದರೆ ಹಿರಿಯರ ಮನಸ್ಸು ಅಳುಕುತ್ತದೆ. ಅಳುಕು ಸಹಜ; ಅದರಲ್ಲಿಯೇ ನಿಂತುಬಿಡುವುದು ತರವಲ್ಲ.

ನೆರೆಯ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ 1867ರಲ್ಲಿ ಜನಿಸಿದ ಹಾನಗಲ್ಲ ಕುಮಾರ ಮಹಾಸ್ವಾಮಿಗಳು ತೋರಿದ ದಾರಿ ಇಲ್ಲಿ ಮನನೀಯ. ಅಂಧರಿಗೆ ಭಿಕ್ಷೆಯೇ ಗತಿಯೆಂದು ಜನ ಬಗೆಯುತ್ತಿದ್ದ ಕಾಲವದು. ಪೂಜ್ಯರು ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನಿಗೆ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಕರ್ನಾಟಕಿಯೊಡನೆ ಹಿಂದುಸ್ತಾನಿ ಸಂಗೀತವನ್ನೂ ಅರಗಿಸಿಕೊಂಡ ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಅವರು ಕಟ್ಟಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನೇಕ ಅಂಧರು ಸಂಗೀತವನ್ನೇ ಕಾಯಕವಾಗಿಸಿಕೊಂಡರು. ಅವರ ಶಿಷ್ಯ, ತಾವೂ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಸಂದಿತು. ರೂಢಿ ಬದಲಾಯಿತು, ಕಾಯಕ, ದಾಸೋಹಗಳ ಬೇರು ಹಾಗೆಯೇ ಉಳಿಯಿತು.

ಮನೆಯಲ್ಲಿ ಹೊಸ ಮಾತು ಬಂದಾಗ ಹಿರಿಯರು ಎರಡನ್ನೇ ಕೇಳಲಿ: ಇದು ಸತ್ಯದ ದುಡಿಮೆಯೇ? ಇದರಿಂದ ಯಾರಿಗೂ ಕೇಡಿಲ್ಲವೇ? ಹೌದೆಂದಾದರೆ ಹರಸಲಿ. ಕಿರಿಯರೂ ಹಟ ಹಿಡಿಯದೆ, ಮೊದಲು ಚಿಕ್ಕದಾಗಿ ಮಾಡಿ ತೋರಿಸಲಿ. ಕಣ್ಣಾರೆ ಕಂಡುದನ್ನು ಮನಸ್ಸು ಬೇಗ ಒಪ್ಪುತ್ತದೆ.