ನಮ್ಮ ರಕ್ತಕ್ಕೆ 18 ಕೋಟಿ ರೂಪಾಯಿ



ಬಯೋಟೆಕ್ನಾಲಜಿ ಅಂದ ಕೂಡಲೇ ನಮ್ಮ ಹಾಸ್ಟೆಲ್ ಹುಡುಗರು "ಅದು ಬೆಂಗಳೂರಿನ ಎಸಿ ಕೋಣೆಯವರ ವ್ಯವಹಾರ, ನಮಗ್ಯಾಕೆ" ಅಂತ ಪುಟ ತಿರುವಿಬಿಡುತ್ತಾರೆ. ತಿರುವಬೇಡಿ. ಈ ವಿಜ್ಞಾನ ಈಗ ಕೈ ಹಾಕಿರುವುದು ನಮ್ಮವರ ರಕ್ತಕ್ಕೇ.

ಸಿಕಲ್ ಸೆಲ್ ಅನ್ನುವ ರೋಗ ಇದೆ. ಕನ್ನಡದಲ್ಲಿ ಕುಡುಗೋಲು ಕಣ ರೋಗ ಅಂತಾರೆ. ರಕ್ತದ ಕೆಂಪು ಕಣ ದುಂಡಗೆ, ಮೆತ್ತಗೆ ಇರಬೇಕು. ಈ ರೋಗದಲ್ಲಿ ಅದು ಕುಡುಗೋಲಿನ ಹಾಗೆ ಬಾಗಿ, ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡ ಕಡೆ ಮೂಳೆ ಒಡೆದಂಥ ನೋವು. ಜೊತೆಗೆ ರಕ್ತಹೀನತೆ, ಕಣ್ಣು ಹಳದಿ, ಮಕ್ಕಳಿಗೆ ಮೇಲಿಂದ ಮೇಲೆ ಸೋಂಕು. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಕಡೆಯಿಂದ ಕೆಟ್ಟ ಜೀನ್ ಬಂದರೆ ಮಾತ್ರ ರೋಗ. ಒಂದೇ ಕಡೆಯಿಂದ ಬಂದರೆ ಅವರು ಬರೀ ವಾಹಕರು, ದುಡಿದುಣ್ಣುವುದಕ್ಕೆ ಏನೂ ತೊಂದರೆಯಿಲ್ಲ. ವಾಹಕ ಗಂಡು, ವಾಹಕ ಹೆಣ್ಣು ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಾಧ್ಯತೆ.

ಇದು ಯಾರ ರೋಗ? ಅಮೆರಿಕದಲ್ಲಿ ಹೆಚ್ಚಾಗಿ ಕರಿಯರದು. ಇಂಡಿಯಾದಲ್ಲಿ ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಬೆಟ್ಟದ ಜನರಲ್ಲಿ. ನಮ್ಮ ಕಡೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಹೆಗ್ಗಡದೇವನಕೋಟೆ ಕಡೆಯ ಜೇನುಕುರುಬರಲ್ಲಿ ಇದೆ. ಹುಟ್ಟುವ 86 ಆದಿವಾಸಿ ಮಕ್ಕಳಲ್ಲಿ ಒಂದಕ್ಕೆ ಈ ರೋಗ ಅಂತ ಸರ್ಕಾರವೇ ಹೇಳುತ್ತದೆ. ಇನ್ನೊಂದು ಮಾತು ನಮ್ಮ ಸಭೆಗಳಲ್ಲಿ ಕೇಳಿಸುವುದೇ ಇಲ್ಲ: ನಾಗಪುರದ ಸುತ್ತ, ವಿದರ್ಭದ ಮಹಾರರಲ್ಲೂ ಇದು ಬಹಳ ಇದೆ. ಬಾಬಾಸಾಹೇಬರ ಜೊತೆ 1956ರಲ್ಲಿ ದೀಕ್ಷೆ ತೆಗೆದುಕೊಂಡ ಜನರ ಮೊಮ್ಮಕ್ಕಳು.

ಪೂರ್ವಜನ್ಮದ ಪಾಪ ಅನ್ನುವವರು ಬಂದೇ ಬರುತ್ತಾರೆ. ಅವರಿಗೆ ಉತ್ತರ ಇಲ್ಲಿದೆ. ಈ ಜೀನ್ ಒಂದೇ ಇದ್ದವರನ್ನು ಮಲೇರಿಯಾ ಅಷ್ಟು ಸುಲಭವಾಗಿ ಕೊಲ್ಲಲಾರದು. ಮಲೇರಿಯಾ ಹಬ್ಬಿದ ಸೀಮೆಯಲ್ಲಿ ಸಾವಿರಾರು ವರ್ಷ ಬದುಕಿ ಉಳಿದವರ ರಕ್ತದ ಗುರುತು ಇದು. ಪಾಪವೂ ಇಲ್ಲ, ಪುಣ್ಯವೂ ಇಲ್ಲ.

ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ನಿಮಗೆಲ್ಲ ಗೊತ್ತು. ಬಂದೂಕು ಹಿಡಿದ ಅವರ ಫೋಟೋ ನೋಡಿದ್ದೀರಿ. ಅದೇ ಹುಡುಗರು 1971ರಿಂದ ತಮ್ಮ ಕೇರಿಗಳಲ್ಲಿ ಪುಕ್ಕಟೆ ದವಾಖಾನೆ ತೆರೆದು, ಜನರ ಬೆರಳು ಚುಚ್ಚಿ ಸಿಕಲ್ ಸೆಲ್ ಪರೀಕ್ಷೆ ಮಾಡಿದ್ದು ಎಷ್ಟು ಜನಕ್ಕೆ ಗೊತ್ತು? ಸರ್ಕಾರ ತಿರುಗಿ ನೋಡದ ರೋಗವನ್ನು ಅವರು ರಾಜಕೀಯದ ಪ್ರಶ್ನೆ ಮಾಡಿದರು. 1972ರ ಮೇನಲ್ಲಿ ಅಧ್ಯಕ್ಷ ನಿಕ್ಸನ್ ಈ ರೋಗಕ್ಕೆ ಅಂತಲೇ ಒಂದು ಕಾನೂನಿಗೆ ಸಹಿ ಹಾಕಬೇಕಾಯಿತು. ಅದೇ ವರ್ಷ ನಮ್ಮ ಮುಂಬಯಿಯ ಹುಡುಗರು ಅವರ ಹೆಸರು ತಂದು ದಲಿತ ಪ್ಯಾಂಥರ್ಸ್ ಕಟ್ಟಿದರು. ಹೆಸರು ತಂದೆವು, ಕೆಚ್ಚು ತಂದೆವು. ಬೆರಳು ಚುಚ್ಚುವ ಆ ಸಣ್ಣ ಸೂಜಿಯನ್ನು ಅಷ್ಟಾಗಿ ತರಲಿಲ್ಲ ಅಂತ ನನಗನ್ನಿಸುತ್ತದೆ.

ಈಗ ಹೊಸ ವಿಜ್ಞಾನಕ್ಕೆ ಬರೋಣ. ಜೀನನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ಅನ್ನುವ ವಿದ್ಯೆ 2012ರಲ್ಲಿ ಬಂತು. ಅದಕ್ಕೆ 2020ರಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ, ಶಾರ್ಪೆಂಟಿಯರ್ ಮತ್ತು ಡೌಡ್ನಾ ಅವರಿಗೆ, ನೊಬೆಲ್ ಸಿಕ್ಕಿತು. ಅದೇ ವಿದ್ಯೆಯಿಂದ ಮಾಡಿದ ಕ್ಯಾಸ್‌ಜೆವಿ ಅನ್ನುವ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ರೋಗಿಯ ಮೂಲಕೋಶಗಳನ್ನು ತೆಗೆದು, ಪ್ರಯೋಗಾಲಯದಲ್ಲಿ ತಿದ್ದಿ, ಹಳೆಯ ಮಜ್ಜೆಯನ್ನು ಕೀಮೋ ಔಷಧಿಯಿಂದ ಸುಟ್ಟು, ತಿದ್ದಿದ ಕೋಶಗಳನ್ನು ವಾಪಸ್ ಸೇರಿಸುತ್ತಾರೆ. ಹೊಟ್ಟೆಯಲ್ಲಿದ್ದಾಗ ಮಗುವಿಗೆ ಇರುವ ಹಿಮೋಗ್ಲೋಬಿನ್ ಮತ್ತೆ ಹುಟ್ಟಲು ಶುರುವಾಗುತ್ತದೆ. ಕಣ ಬಾಗುವುದಿಲ್ಲ. ಪ್ರಯೋಗದಲ್ಲಿ ಲೆಕ್ಕಕ್ಕೆ ಸಿಕ್ಕ 31 ಜನರಲ್ಲಿ 29 ಜನಕ್ಕೆ ಕನಿಷ್ಠ ಒಂದು ವರ್ಷ ಆ ತೀವ್ರ ನೋವೇ ಬರಲಿಲ್ಲ. ಅಮೆರಿಕದಲ್ಲಿ ಮೊದಲು ಇದಕ್ಕೆ ಮೈ ಒಡ್ಡಿದವಳು ಮಿಸಿಸಿಪ್ಪಿಯ ಒಬ್ಬ ಕರಿಯ ತಾಯಿ, ವಿಕ್ಟೋರಿಯಾ ಗ್ರೇ, 2019ರಲ್ಲಿ. ಇದನ್ನು ಮೋಸ ಅನ್ನಬೇಡಿ. ಇದು ನಿಜವಾದ ವಿಜ್ಞಾನ, ದೊಡ್ಡ ವಿಜ್ಞಾನ. ಕೀಮೋದಿಂದ ಮಕ್ಕಳಾಗದೆ ಹೋಗುವ ಅಪಾಯ ಇದೆ, ತಿಂಗಳುಗಟ್ಟಲೆ ಆಸ್ಪತ್ರೆ ತಿರುಗಬೇಕು, ಅದೂ ನಿಜ.

ಬೆಲೆ? 2023ರಲ್ಲಿ 22 ಲಕ್ಷ ಡಾಲರ್. ಸುಮಾರು 18 ಕೋಟಿ ರೂಪಾಯಿ. ದಿನಕ್ಕೆ 400 ರೂಪಾಯಿ ಕೂಲಿಯ ಲೆಕ್ಕದಲ್ಲಿ ಒಂದು ಭಾನುವಾರವನ್ನೂ ಬಿಡದೆ, ಒಂದು ತುತ್ತನ್ನೂ ತಿನ್ನದೆ 1200 ವರ್ಷ ದುಡಿಯಬೇಕು. ಬಸವಣ್ಣನವರಿಗಿಂತ ಮುಂಚೆಯೇ ಕೂಲಿ ಶುರು ಮಾಡಿದ್ದರೆ ಈಗ ತೀರುತ್ತಿತ್ತು. ಅದೇ ದಿನ ಒಪ್ಪಿಗೆ ಸಿಕ್ಕ ಇನ್ನೊಂದು ಕಂಪನಿಯ ಲಿಫ್‌ಜೀನಿಯಾಗೆ 31 ಲಕ್ಷ ಡಾಲರ್. ಆ ಕಂಪನಿ 2025ರಲ್ಲಿ ಹೂಡಿಕೆದಾರರ ಕೈಗೆ ಮಾರಾಟವಾಯಿತು. ಇಷ್ಟು ಬೆಲೆ ಇಟ್ಟರೂ ಬಂಡವಾಳಗಾರನ ಹೊಟ್ಟೆ ತುಂಬಲಿಲ್ಲ ಅಂತಾಯಿತು. ರೋಗಿ ಮಾತ್ರ ಬಾಗಿಲಲ್ಲೇ ನಿಂತಿದ್ದಾನೆ.

ನಮ್ಮ ಸರ್ಕಾರ ಏನು ಮಾಡಿದೆ? 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರುವಾಯಿತು. 17 ರಾಜ್ಯ, ನಮ್ಮದೂ ಸೇರಿ. 7 ಕೋಟಿ ಜನರ ಪರೀಕ್ಷೆ, 2047ಕ್ಕೆ ನಿರ್ಮೂಲನೆ ಅನ್ನುವುದು ಗುರಿ. 2025ರ ಮಧ್ಯದ ಹೊತ್ತಿಗೆ 6 ಕೋಟಿ ಜನರ ರಕ್ತ ನೋಡಿ 2 ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ಗುರುತಿಸಿದರು. ಇದು ಸಣ್ಣ ಕೆಲಸ ಅಲ್ಲ, ಒಪ್ಪಿಕೊಳ್ಳೋಣ. 2025ರ ನವೆಂಬರಿನಲ್ಲಿ ದೆಹಲಿಯ ಸರ್ಕಾರಿ ಸಂಸ್ಥೆ ಐಜಿಐಬಿಯಲ್ಲಿ ತಯಾರಾದ ದೇಶದ್ದೇ ಕ್ರಿಸ್ಪರ್ ಚಿಕಿತ್ಸೆಗೆ ಬಿರ್ಸಾ 101 ಅಂತ ಹೆಸರಿಟ್ಟು, ತಂತ್ರಜ್ಞಾನವನ್ನು ಪುಣೆಯ ಸೀರಂ ಕಂಪನಿಗೆ ವಹಿಸಿದರು.

ಬಿರ್ಸಾ ಮುಂಡಾ ಹೆಸರು ಇಟ್ಟದ್ದಕ್ಕೆ ಸಂತೋಷ. ಆದರೆ ಬಿರ್ಸಾನ ಹಾಡಿಯವರಿಗೆ ಎಷ್ಟು ರೂಪಾಯಿಗೆ ಕೊಡುತ್ತೀರಿ ಸ್ವಾಮಿ? ಮುಂಬಯಿಯ ಐಐಟಿ, ಟಾಟಾ ಆಸ್ಪತ್ರೆ ಸೇರಿ ಕಂಡುಹಿಡಿದ ರಕ್ತದ ಕ್ಯಾನ್ಸರಿನ ಚಿಕಿತ್ಸೆ ನೆಕ್ಸ್‌ಕಾರ್ 19ಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಾಗ "ಅಗ್ಗ, ಅಗ್ಗ" ಅಂತ ಪತ್ರಿಕೆಗಳು ಬರೆದವು. ಆ ಅಗ್ಗ 40 ಲಕ್ಷ ರೂಪಾಯಿಯ ಆಸುಪಾಸು. ಪರದೇಶಕ್ಕೆ ಹೋಲಿಸಿದರೆ ಅಗ್ಗವೇ. ಪೋಡಿನಲ್ಲಿ ಕುಳಿತವನಿಗೆ 40 ಲಕ್ಷವೂ ಒಂದೇ, 18 ಕೋಟಿಯೂ ಒಂದೇ. ಜನರ ತೆರಿಗೆ ದುಡ್ಡಿನಲ್ಲಿ ಹುಟ್ಟಿದ ವಿದ್ಯೆಯನ್ನು ಖಾಸಗಿ ಕಂಪನಿಗೆ ಕೊಡುವಾಗ ಬೆಲೆಯ ಮಿತಿಯನ್ನು ಕರಾರಿನಲ್ಲೇ ಬರೆದು, ಜನರಿಗೆ ತೋರಿಸಬೇಕು. ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು.

ಎರಡನೆಯದು ಮಾತ್ರೆಯದು. ಹೈಡ್ರಾಕ್ಸಿಯೂರಿಯಾ ಅಂತ ಒಂದು ಹಳೇ ಮಾತ್ರೆ. ಈ ರೋಗಕ್ಕೆ ಅಮೆರಿಕದಲ್ಲಿ 1998ರಲ್ಲೇ ಒಪ್ಪಿಗೆ ಸಿಕ್ಕಿದೆ. ನೋವು ಬರುವುದನ್ನು ಕಡಿಮೆ ಮಾಡುತ್ತದೆ. ಬೆಲೆ ಕೆಲವೇ ರೂಪಾಯಿ. ದಿನಾ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಆಗಬೇಕು. ಕ್ರಿಸ್ಪರ್ ಬರುವ ತನಕ ಮಕ್ಕಳು ಬದುಕಿರಬೇಕಲ್ಲ? ಈ ಮಾತ್ರೆ ತಿಂಗಳು ತಪ್ಪದೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಿಗಬೇಕು. ಇದಕ್ಕೆ ನೊಬೆಲ್ ಬೇಕಾಗಿಲ್ಲ, ಜೀಪಿಗೆ ಡೀಸೆಲ್ ಸಾಕು.

ಮೂರನೆಯದು ಕಾರ್ಡು. ಪರೀಕ್ಷೆಯಾದವರಿಗೆ ಕಾರ್ಡ್ ಕೊಡುತ್ತಾರೆ, ಮದುವೆಗೆ ಮುಂಚೆ ಗಂಡು ಹೆಣ್ಣಿನ ಕಾರ್ಡ್ ಹೊಂದಿಸಿ ನೋಡಿ ಅಂತಾರೆ. ತಿಳಿದುಕೊಂಡು ಮದುವೆಯಾಗುವುದು ಒಳ್ಳೆಯದೇ. ಆದರೆ ಕಾರ್ಡು ಯಾರ ಕೈಗೆ ಹೋಗುತ್ತದೆ? ಅಮೆರಿಕದಲ್ಲಿ 1970ರ ದಶಕದಲ್ಲಿ ಪರೀಕ್ಷೆ ಕಡ್ಡಾಯವಾದ ಮೇಲೆ ರೋಗವೇ ಇಲ್ಲದ ವಾಹಕರಿಗೂ ಕೆಲಸ, ವಿಮೆ ತಪ್ಪಿತು. ಅಲ್ಲಿನ ವಾಯುಪಡೆಯ ಅಕಾಡೆಮಿ 1981ರವರೆಗೆ ವಾಹಕರನ್ನು ಒಳಗೇ ಬಿಡಲಿಲ್ಲ. ನಮ್ಮ ದೇಶದಲ್ಲಿ ಜಾತಿ ಸರ್ಟಿಫಿಕೇಟಿನ ಜೊತೆ ರಕ್ತದ ಸರ್ಟಿಫಿಕೇಟೂ ಸೇರಿದರೆ ಏನಾಗುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕೆ? ಸಂಬಂಧ ಮುರಿದಾಗ ಬೈಸಿಕೊಳ್ಳುವವಳು ಹುಡುಗಿಯೇ. ಫಲಿತಾಂಶ ಪರೀಕ್ಷೆ ಮಾಡಿಸಿಕೊಂಡವರ ಕೈಗೆ ಮಾತ್ರ ಹೋಗಬೇಕು. ವಾರ್ಡನ್ನಿಗೂ ಅಲ್ಲ, ಊರಿನ ಯಜಮಾನನಿಗೂ ಅಲ್ಲ.

ಕೊನೆಗೆ ನಿಮ್ಮದೇ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಿಕಲ್ ಸೆಲ್ ರೋಗವನ್ನು ವೈಕಲ್ಯ ಅಂತ ಒಪ್ಪಿದೆ. ಶೇಕಡ 40ಕ್ಕೆ ಕಡಿಮೆಯಿಲ್ಲದ ಸರ್ಟಿಫಿಕೇಟ್ ಇದ್ದರೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳ ಉನ್ನತ ಶಿಕ್ಷಣದಲ್ಲಿ ಶೇಕಡ 5ರ ಮೀಸಲು ಸೀಟಿಗೆ ಹಕ್ಕಿದೆ. ಆದರೆ ಅದೇ ಕಾಯ್ದೆಯ 34ನೇ ಕಲಮಿನಲ್ಲಿ, ಸರ್ಕಾರಿ ನೌಕರಿಯ ಶೇಕಡ 4ರ ಪಟ್ಟಿಯಲ್ಲಿ, ರಕ್ತದ ರೋಗಗಳಿಗೆ ಜಾಗವೇ ಇಲ್ಲ. ಓದು ಅಂತಾರೆ, ಓದಿ ಬಂದರೆ ಬಾಗಿಲು ಹಾಕುತ್ತಾರೆ. ಈ ಕಲಮು ತಿದ್ದುಪಡಿಯಾಗಬೇಕು ಅಂತ ನಮ್ಮ ವಿದ್ಯಾರ್ಥಿ ಘಟಕಗಳು ಠರಾವು ಮಾಡಲಿ.

ರಜೆಗೆ ಊರಿಗೆ ಹೋದವರು ನಿಮ್ಮ ಕಡೆಯ ಆರೋಗ್ಯ ಕೇಂದ್ರದಲ್ಲಿ ಹೈಡ್ರಾಕ್ಸಿಯೂರಿಯಾ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ತಾರೀಖು ಹಾಕಿ ಬರೆದುಕೊಂಡು ಮುಂದಿನ ಸಭೆಗೆ ತನ್ನಿ.